ಮಂಚದ ಕೆಳಗಿನ ಬಿಳಿ ಗೆರೆ

ಕಡ್ಡಿ ಪೊರಕೆ ಸಿಮೆಂಟ್ ನೆಲವನ್ನು ಕೆರೆಯುವ ಸದ್ದು, ಅದರ ಬೆನ್ನಿಗೇ ನನ್ನ ಮಗಳ ಕೆಮ್ಮು. ಫೋರ್ಟ್ ಕೊಚ್ಚಿಯ ಆ ಆಸ್ಪತ್ರೆ ನೆನಪಾದಾಗಲೆಲ್ಲ ನನಗೆ ಮೊದಲು ಕೇಳುವುದು ಇವೆರಡೇ. ಪೊರಕೆ ಬಾಗಿಲ ಕಡೆಯಿಂದ ಒಂದೊಂದೇ ಮಂಚ ದಾಟಿ ಬರುತ್ತಿತ್ತು. ಅದು ನಮ್ಮ ಮೂಲೆ ಮುಟ್ಟುವ ಮೊದಲೇ ಕೆಮ್ಮು ಶುರುವಾಗಿರುತ್ತಿತ್ತು.

ಇದೆಲ್ಲ ಈಗೇಕೆ ಅನ್ನುತ್ತೀರಾ? ಹೋದ ವಾರ ಇಲ್ಲಿ ಮೈಸೂರಿನಲ್ಲಿ ಕಣ್ಣು ತೋರಿಸಲು ಹೋಗಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಹುಡುಗಿಯೊಬ್ಬಳು ಕಿಟಕಿಯ ಮೇಲಿನ ಧೂಳನ್ನು ಪುಟ್ಟ ಬ್ರಷ್ಷಿನಿಂದ ಗುಡಿಸಿ ಲಕೋಟೆಗೆ ತುಂಬುತ್ತಿದ್ದಳು.

“ಏನಮ್ಮ, ಧೂಳನ್ನೂ ಅಡ್ಮಿಟ್ ಮಾಡ್ಕೋತೀರಾ?” ಎಂದೆ.

“ಟೆಸ್ಟಿಂಗ್‌ಗೆ ಆಂಟಿ. ಫಿನಾಯಿಲು, ಪೇಂಟು, ಹುಳದ ಔಷಧಿ, ಎಲ್ಲದರ ಕೆಮಿಕಲ್ಲೂ ಬಂದು ಇದರಲ್ಲೇ ಕೂರತ್ತೆ. ಪೇಷಂಟ್ಸ್ ಉಸಿರಾಡೋದೂ ಇದನ್ನೇ ಅಲ್ವಾ?”

ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಎದುರಿನದೆಲ್ಲ ಮಸುಕು. ಹಾಗಾಗಿ ಹಿಂದಿನದು ಸ್ವಚ್ಛವಾಗಿ ಕಂಡಿತು.

ಅರವತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರನ್ನು ಬ್ಯಾಂಕಿನವರು ಕೊಚ್ಚಿಗೆ ವರ್ಗ ಮಾಡಿದ್ದರು. ಮಗಳು ವಸುಗೆ ಮೂರು ವರ್ಷ, ಎದೆಯಲ್ಲಿ ಸದಾ ಸಿಳ್ಳೆ. ಭುಜ ಎತ್ತಿ ಎತ್ತಿ ಉಸಿರೆಳೆಯುವ ಮಗುವನ್ನು ನೀವು ನೋಡಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಜ್ವರವೂ ಬಂದು ವಾರ್ಡಿಗೆ ಸೇರಿಸಿದ ಮೇಲೂ ಸಿಳ್ಳೆ ಇಳಿಯಲಿಲ್ಲ. “ಸಮುದ್ರದ ಗಾಳಿ ಒಗ್ಗುತ್ತಿಲ್ಲ. ಮೈಸೂರಿಗೆ ಕಳಿಸಿಬಿಡಿ, ಅಜ್ಜಿಯ ಹತ್ತಿರ ಬೆಳೆಯಲಿ” ಎಂದರು ಡಾಕ್ಟರು. ಅಜ್ಜಿ, ಎಂದರೆ ನಮ್ಮತ್ತೆ, ಮೊಮ್ಮಗಳನ್ನು ಕರೆದೊಯ್ಯಲೆಂದೇ ಬಂದಿಳಿದರು. ಜ್ವರ ಬಿಟ್ಟ ಕೂಡಲೇ ಹೊರಡುವುದು ಎಂದಾಗಿತ್ತು. ನಾನು ಅವಳ ಫ್ರಾಕುಗಳನ್ನು ಮಡಿಸಿಡುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದೆ.

ಆ ವಾರ್ಡು ಸಿಸ್ಟರ್ ಬೆನೀಟಾ ಅವರ ಸಾಮ್ರಾಜ್ಯ. ಪ್ರತಿ ಶನಿವಾರ ಅವರು ತಮ್ಮ ಕೈಯಾರೆ ಪ್ರತಿ ಮಂಚದ ಕೆಳಗೂ ಡಿ.ಡಿ.ಟಿ. ಪುಡಿಯ ನೇರ ಗೆರೆ ಎಳೆಯುತ್ತಿದ್ದರು. “ನನ್ನ ವಾರ್ಡಿನಲ್ಲಿ ಒಂದೇ ಒಂದು ತಿಗಣೆ ತೋರಿಸಿ” ಎಂದು ಡಾಕ್ಟರಿಗೇ ಸವಾಲು. ನನ್ನ ಕಾನ್ವೆಂಟ್ ಬುದ್ಧಿಗೆ ಆ ಗೆರೆ ಸಾಕ್ಷಾತ್ ಸೈನ್ಸ್ ಆಗಿ ಕಂಡಿತ್ತು.

ಅತ್ತೆಗೆ ಕಂಡದ್ದೇ ಬೇರೆ. “ಏನೇ ಇದು, ಮಂಚದ ಕೆಳಗೆ ರಂಗೋಲಿ ಎಳೆದಿದಾರೆ? ಅದೂ ಬರೀ ಒಂದೆಳೆ. ಚುಕ್ಕಿ ಇಡೋಕೂ ಬರಲ್ವಾ ಇವರಿಗೆ?”

“ತಿಗಣೆ ಪುಡಿ ಅತ್ತೆ.”

“ತಿಗಣೆ ಸಾಯೋ ಜಾಗದಲ್ಲಿ ಕೂತು ನಾನು ಊಟ ಮಾಡ್ಬೇಕಾ?”

ಅವರು ಊಟ ಮಾಡುತ್ತಿದ್ದುದು ನೆಲದ ಮೇಲೆ, ವಸುವಿನ ಮಂಚದ ಪಕ್ಕದಲ್ಲಿ. ಹಾಗಾಗಿ ಎಲೆ ಹಾಕುವ ಮೊದಲೊಮ್ಮೆ, ಎತ್ತಿದ ಮೇಲೊಮ್ಮೆ ಒದ್ದೆ ಬಟ್ಟೆಯಲ್ಲಿ ಸಾರಿಸಬೇಕು. ಸಾರಿಸುವುದೆಂದರೆ ಅವರಿಗೆ ಅರ್ಧಂಬರ್ಧ ಗೊತ್ತಿಲ್ಲ. ಮಂಚದ ಕೆಳಗೆ, ಗೋಡೆಯಂಚು, ಮಂಚದ ಕಾಲು, ಎಲ್ಲವೂ ಆಯಿತು. ವಾರ್ಡಿನವರೆಲ್ಲ ನೋಡುತ್ತಿದ್ದರು. ನಾನು ಆ ಅಜ್ಜಿ ಯಾರೋ ಎನ್ನುವಂತೆ ಕಿಟಕಿಯಾಚೆಯ ಬಂದರಿನ ಸೌಂದರ್ಯ ಸವಿಯುತ್ತಿದ್ದೆ.

ಒಂದು ಬೆಳಿಗ್ಗೆ ಸಿಸ್ಟರಿಗೆ ಗೆರೆ ಮಾಯವಾದದ್ದು ಗೊತ್ತಾಯಿತು. “ಹೂ ಗೇವ್ ಹರ್ ಪರ್ಮಿಷನ್?”

“ನೆಲದ ಮೇಲೆ ಕೂತು ಉಣ್ಣೋಳು ನಾನು, ಅವರಲ್ಲ ಅಂತ ಹೇಳೇ” ಎಂದರು ಅತ್ತೆ.

“ನಿಮ್ಮ ವಾರ್ಡು ತುಂಬ ನೀಟಾಗಿದೆ ಅನ್ನುತ್ತಿದ್ದಾರೆ” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

“ದಟ್ ಈಸ್ ನಾಟ್ ವಾಟ್ ಶೀ ಸೆಡ್” ಎಂದರು ಸಿಸ್ಟರ್.

ಅಷ್ಟರಲ್ಲಿ ಆ ತುದಿಯಲ್ಲಿ ಪೊರಕೆ ಶುರುವಾಯಿತು. ಅತ್ತೆ ಬಂದ ಮೇಲೆ ರಾತ್ರಿಯಿಡೀ ನಿದ್ದೆ ಮಾಡತೊಡಗಿದ್ದ ವಸು, ಪೊರಕೆ ಹತ್ತಿರವಾಗುತ್ತಿದ್ದಂತೆ ಎದ್ದು ಕೂತಳು. ಕೆಮ್ಮಿದಳು. ಭುಜ ಮೇಲೇರಿತು. ಅತ್ತೆ ಗದ್ದವನ್ನು ಪೊರಕೆಯ ಕಡೆಗೆ ತಿರುಗಿಸಿ ತೋರಿಸಿದರು.

ಸಿಸ್ಟರ್ ಗುಡಿಸುವವಳಿಗೆ ಕೈಯೆತ್ತಿ ನಿಲ್ಲೆಂದರು. ಕೆಮ್ಮು ಇಳಿಯುವವರೆಗೆ ಅಲ್ಲಾಡದೆ ನಿಂತರು. ಆಮೇಲೆ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಒಂದು ಬೆರಳೆಳೆದು ನೋಡಿಕೊಂಡರು. ಬೆರಳು ಪುಡಿ ಮೆತ್ತಿ ಬೆಳ್ಳಗಾಗಿತ್ತು. “ನಾನೇ ಹಾಕಿದ್ದು. ಮಕ್ಕಳನ್ನು ಏನೂ ಕಚ್ಚದಿರಲಿ ಎಂದು” ಎಂದು ತಮಗೆ ತಾವೇ ಹೇಳಿಕೊಳ್ಳುವ ದನಿಯಲ್ಲಿ ಇಂಗ್ಲಿಷಿನಲ್ಲಿ ಅಂದರು.

ಮರುದಿನದಿಂದ ಆ ವಾರ್ಡಿನಲ್ಲಿ ಪುಡಿ ನಿಂತಿತು, ಒಣ ಪೊರಕೆಯೂ ನಿಂತಿತು. ತಿಗಣೆಗೆ ಕುದಿಯುವ ನೀರು. ಸಿಸ್ಟರ್ ನಿಲುವಂಗಿಯ ತೋಳು ಮಡಿಚಿ ಕಬ್ಬಿಣದ ಮಂಚಗಳ ಸಂದಿಗೆ ನೀರು ಹೊಯ್ಯುವುದು, ಸೆರಗು ಸಿಕ್ಕಿಸಿಕೊಂಡ ಅತ್ತೆ ಹಿಂದೆಯೇ ಒರೆಸುವುದು. ಇವರು ಕನ್ನಡದಲ್ಲಿ, ಅವರು ಮಲಯಾಳದಲ್ಲಿ ಒಬ್ಬರ ಕೆಲಸವನ್ನೊಬ್ಬರು ಆಡಿಕೊಳ್ಳುತ್ತಿದ್ದರು. ನನ್ನ ಟ್ರಾನ್ಸ್‌ಲೇಷನ್ ಯಾರಿಗೂ ಬೇಕಿರಲಿಲ್ಲ.

ಪುಡಿ ನಿಂತದ್ದರಿಂದಲೇ ವಸುವಿನ ಸಿಳ್ಳೆ ಇಳಿಯಿತೆಂದರೆ ಡಾಕ್ಟರು ಒಪ್ಪಲಿಲ್ಲ, ಮಳೆ ನಿಂತದ್ದೂ ಕಾರಣವಿರಬಹುದು ಎಂದರು. ಇರಬಹುದು, ನಾನೇನು ಬಲ್ಲೆ? ಆದರೆ ಸಿಳ್ಳೆ ಇಳಿದದ್ದು ನಿಜ. “ಮೈಸೂರು ಸದ್ಯಕ್ಕೆ ಬೇಡ” ಎಂದವರೂ ಅವರೇ. ಅತ್ತೆ ಒಬ್ಬರೇ ರೈಲು ಹತ್ತಿದರು. “ಕರ್ಕೊಂಡು ಹೋಗೋಕೆ ಬಂದು, ಬಿಟ್ಟು ಹೋಗೋ ಹಾಗೆ ನಾನೇ ಮಾಡ್ಕೊಂಡೆ ನೋಡು” ಎಂದು ಕಿಟಕಿಯೊಳಗಿಂದ ಬೈದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು.

ಸಿಸ್ಟರನ್ನು ನಾನು ಕೊನೆಯ ಬಾರಿ ನೋಡಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನಮಗೆ ತಿರುವನಂತಪುರಕ್ಕೆ ವರ್ಗವಾಗಿತ್ತು. ಪಟ್ಟಂನ ಬಸ್ ಸ್ಟಾಪಿನಲ್ಲಿ ಕೈಯಲ್ಲೊಂದು ಪುಟ್ಟ ಸೂಟ್‌ಕೇಸ್ ಹಿಡಿದು ನಿಂತಿದ್ದರು. ಬೇರೆ ಊರಿನ ಆಸ್ಪತ್ರೆಗೆ ಹೊರಟಿದ್ದರಂತೆ. ನಾನು ಹೆಸರು ಹೇಳುವ ಮೊದಲೇ ಅವರು ನನ್ನ ಪಕ್ಕದಲ್ಲಿದ್ದ ಉದ್ದ ಜಡೆಯ ಸ್ಕೂಲ್ ಹುಡುಗಿಯನ್ನು ಹಿಡಿದು ತಿರುಗಿಸಿ, ಅವಳ ಯೂನಿಫಾರ್ಮಿನ ಬೆನ್ನಿಗೆ ಕಿವಿಯಿಟ್ಟರು. ತಲೆಯ ಬಿಳಿ ಬಟ್ಟೆ ಓರೆಯಾಯಿತು. “ಉಸಿರು ತಗೋ ಮಗಳೇ” ಎಂದರು ಮಲಯಾಳದಲ್ಲಿ. ಎಲ್ಲರೂ ನೋಡುತ್ತಿದ್ದಾರೆಂದು ವಸು ಮಲಯಾಳದಲ್ಲೇ ಗೊಣಗಿದಳು. ಅಷ್ಟರಲ್ಲಿ ಅವರ ಬಸ್ಸು ಬಂತು, ಕಂಡಕ್ಟರ್ ಕೂಗಿದ. ಸಿಸ್ಟರ್ ಕಿವಿ ತೆಗೆಯದೆ ಅವನತ್ತ ಅಂಗೈ ಎತ್ತಿದರು. ವಸು ಎದೆ ತುಂಬ ಉಸಿರೆಳೆದು ನಿಧಾನವಾಗಿ ಬಿಡುವವರೆಗೂ ಆ ಬಸ್ಸು, ಅದರೊಳಗಿದ್ದ ಜನರೆಲ್ಲ, ಕಾದರು.