ಮುಂಗೋಣೆಯವನ ಪಿಎಚ್‌ಡಿ

ಕಳೆದ ತಿಂಗಳು ಅಡುಗೆಮನೆಯ ಡ್ರಾಯರಿನ ಹಿಡಿಕೆ ಕಿತ್ತುಬಂತು. ಅಂಗಡಿಯಿಂದ ಎರಡು ಟ್ಯೂಬಿನ ಅಂಟು ತಂದು, ಒಂದರಿಂದ ಬಟಾಣಿ ಕಾಳಿನಷ್ಟು, ಇನ್ನೊಂದರಿಂದಲೂ ಅಷ್ಟೇ ಹಿಂಡಿ, ಐಸ್‌ಕ್ರೀಮ್ ಕಡ್ಡಿಯಲ್ಲಿ ಕಲೆಸತೊಡಗಿದೆ. ಮೇಜಿನ ಆಚೆ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಮೂಗು ಮುಚ್ಚಿಕೊಂಡು, "ಡ್ಯಾಡ್, ಡಿಡ್ ಯೂ ಬೈ ಫಿಶ್?" ಎಂದಳು. ಕೆಟ್ಟ ಮೀನಿಗೆ ಸುಟ್ಟ ಕೂದಲು ಬೆರೆಸಿದಂಥ ಆ ವಾಸನೆಯಲ್ಲಿ ನಾನು ವರ್ಷಗಟ್ಟಲೆ ಬದುಕಿದ್ದೆ. ಅದು ಬಂದರೆ ಅದರ ಹಿಂದೆಯೇ ಒಬ್ಬ ಮನುಷ್ಯನೂ ಬರುತ್ತಾನೆ... ಬೇಡ ಎಂದರೂ.

ಅವನನ್ನು ಮುಂಗೋಣೆಯವನು ಎಂದೇ ಕರೆಯುತ್ತೇನೆ. ಹೆಸರು ಬರೆಯುವ ಮನಸ್ಸಿಲ್ಲ. ಇದು ಎರಡು ಸಾವಿರದ ಹತ್ತರ ನಂತರದ ಮಾತು. ಬರ್ಮಿಂಗ್‌ಹ್ಯಾಮ್‌ನ ಸೆಲ್ಲಿ ಓಕ್‌ನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಸಾಲುಮನೆಗಳಲ್ಲಿ ಒಂದನ್ನು ನಾವಿಬ್ಬರು ಬಾಡಿಗೆಗೆ ಹಿಡಿದಿದ್ದೆವು. ಯಾವುದೋ ಕಾಲದಲ್ಲಿ ಸಂಸಾರಸ್ಥರು ನೆಂಟರನ್ನು ಕೂರಿಸುತ್ತಿದ್ದ ರಸ್ತೆ ಕಡೆಯ ಕೋಣೆಗೆ ಮಾಲೀಕ ಒಂದು ಮಂಚ ತುರುಕಿ ಬೆಡ್‌ರೂಮ್ ಎಂದಿದ್ದ. ಅದರಲ್ಲಿ ಅವನು, ಅದರ ಮೇಲಿನ ಕೋಣೆಯಲ್ಲಿ ನಾನು. ಅವನು ವಿಜಯಪುರದವನು, ಮನೆಯಲ್ಲಿ ದಖನಿ ಉರ್ದು. ತುಮಕೂರಿನವನಾದ ನನ್ನ ಜೊತೆ ಬೆಂಗಳೂರಿನವರ ಹಾಗೆ ನಾಜೂಕಾಗಿ ಮಾತಾಡುತ್ತಿದ್ದ. ದಣಿದಾಗ, ಸಿಟ್ಟು ಬಂದಾಗ ಮಾತ್ರ ಊರಿನ ಕನ್ನಡ ಹೊರಗೆ ಬರುತ್ತಿತ್ತು.

ಅವನು ಕೆಮಿಕಲ್ ಎಂಜಿನಿಯರಿಂಗ್, ನಾನು ಮೆಕ್ಯಾನಿಕಲ್. ಆದರೆ ಗೈಡ್ ಒಬ್ಬರೇ. ಎರಡೂ ವಿಭಾಗಗಳಲ್ಲಿ ಒಂದೊಂದು ಕಾಲಿಟ್ಟಿದ್ದ ಆ ಇಂಗ್ಲಿಷ್ ಮನುಷ್ಯ ನಮ್ಮನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕಟ್ಟಡದಲ್ಲಿ ನೋಡುತ್ತಿದ್ದರು. ಇಬ್ಬರಿಗೂ ಹಣ ಕೊಡುತ್ತಿದ್ದದ್ದು ಕಾರಿನ ಬಿಡಿಭಾಗ ಮಾಡುವ ಒಂದೇ ಕಂಪನಿ. ಸೇರಿದ ವಾರವೇ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು: ಕೆಲಸದ ವಿಷಯ ಗೈಡ್ ಬಿಟ್ಟು ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ, ಜೊತೆಯ ವಿದ್ಯಾರ್ಥಿಗಳ ಹತ್ತಿರವೂ. ಸ್ಟೂಡೆಂಟ್ ವೀಸಾದವರು ನಾವು, ನೆರಳಿಗೂ ಹೆದರುವವರು. ಹಾಗಾಗಿ ಊರಲ್ಲಿದ್ದ ಅವನ ಹೆಂಡತಿಗೆ ತಿಂಗಳು ತುಂಬಿದ್ದು, ಅವನ ಅತ್ತೆಯ ಕಾಟ, ಕ್ರಿಕೆಟ್ಟು, ಗೈಡಿನ ಬಣ್ಣದ ಸಾಕ್ಸು, ಎಲ್ಲವನ್ನೂ ಮಾತಾಡುತ್ತಿದ್ದೆವು. ಲ್ಯಾಬಿನ ವಿಷಯಕ್ಕೆ ಬಂದರೆ "ಹೇಗಿತ್ತು?" "ಇತ್ತು." ಅಷ್ಟೇ.

ನನ್ನ ಕೆಲಸ ಇಷ್ಟು. ಈಗ ಕಾರಿನ ಅಲ್ಯೂಮಿನಿಯಂ ತಗಡುಗಳನ್ನು ಬೆಸುಗೆ ಹಾಕುವ ಬದಲು ಅಂಟಿಸುತ್ತಾರೆ. ಚಳಿಗಾಲದಲ್ಲಿ ಈ ದೇಶದ ರಸ್ತೆಗಳ ಮೇಲೆ ಹಿಮ ಕರಗಲು ಉಪ್ಪು ಎರಚುತ್ತಾರಲ್ಲ, ಆ ಉಪ್ಪುನೀರು ಕುಡಿದ ಅಂಟು ಕೆಲವು ವರ್ಷಗಳಲ್ಲಿ ಕೈಬಿಡುತ್ತದೆ. ಯಾಕೆ ಬಿಡುತ್ತದೆ ಎನ್ನುವುದೇ ನನ್ನ ಪಿಎಚ್‌ಡಿ. ದಿನವಿಡೀ ತಗಡಿನ ಪಟ್ಟಿಗಳನ್ನು ಅಂಟಿಸುವುದು, ಉಪ್ಪುನೀರಿನ ಪೆಟ್ಟಿಗೆಯಲ್ಲಿ ನೆನೆಸುವುದು, ಯಂತ್ರಕ್ಕೆ ಕಚ್ಚಿಸಿ ಎಳೆದು ಮುರಿಯುವುದು. ಸಂಜೆ ಮನೆಗೆ ಬಂದರೆ ಸ್ವೆಟರ್, ಕೂದಲು, ಬ್ಯಾಗು ಎಲ್ಲ ನಾರುತ್ತಿದ್ದವು. ನಾನು ಕ್ಷಮೆ ಕೇಳಿ, ಜನವರಿಯ ಚಳಿಯಲ್ಲೂ ಕಿಟಕಿ ತೆರೆಯುತ್ತಿದ್ದೆ. ಅವನು, "ಬಿಡು ಮಾರಾಯ, ನನ್ನದೇ ಇರ್ಬೇಕು" ಎಂದು ಲೋಬಾನದ ಹೊಗೆ ಹಾಕುತ್ತಿದ್ದ. ಸಂಕೋಚ ಬೇಡ ಅಂತ ಹೇಳುತ್ತಿದ್ದಾನೆ ಎಂದು ನಾನು ತಿಳಿದೆ. ನಾನು ಅವನ ವಾಸನೆಯನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೇನೆ ಎಂದು ಅವನು ತಿಳಿದ. ಹೀಗೆ ಒಳ್ಳೆಯ ಮನೆತನದ ಇಬ್ಬರು ಮೂರ್ಖರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬರಿಗೊಬ್ಬರು ಮರ್ಯಾದೆ ತೋರಿಸಿಕೊಂಡು ಕಾಲ ಕಳೆದೆವು.

ಮೂರನೆಯ ವರ್ಷ ತಂಗಿಯ ಮದುವೆಗೆಂದು ಊರಿಗೆ ಹೋದವನು ಐದು ವಾರ ಅಲ್ಲೇ ಇದ್ದೆ. ಅಮ್ಮ ನನ್ನ ಬಟ್ಟೆಯನ್ನೆಲ್ಲ ಸೋಪಿನಪುಡಿಯಲ್ಲಿ ನೆನೆಸಿ ಕುಕ್ಕಿ ಕುಕ್ಕಿ ಒಗೆದಳು. ವಾಪಸು ಬಂದು ಸೆಲ್ಲಿ ಓಕ್‌ನ ಮನೆಯ ಬಾಗಿಲು ತೆಗೆದರೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಅದೇ ವಾಸನೆ. ಸೂಟ್‌ಕೇಸ್ ಕೆಳಗಿಡದೆ ನಿಂತುಬಿಟ್ಟೆ. ಐದು ವಾರದಿಂದ ನಾನಿಲ್ಲ, ನನ್ನ ಬಟ್ಟೆಯಿಲ್ಲ, ಹಾಗಾದರೆ ಇದು ಯಾರದು?

ಅವನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ.

"ಲ್ಯಾಬಲ್ಲಿ ಏನನ್ನ ಅಂಟಿಸ್ತಾ ಇದ್ದೀಯ ನೀನು?" ಎಂದು ಕೇಳಿದೆ.

ಬಡಿಯುವ ಕೈ ನಿಂತಿತು. "ಅಲ್ಯೂಮಿನಿಯಂ" ಎಂದ. ಉಪ್ಪುನೀರಾ ಎಂದೆ. ತಲೆಯಾಡಿಸಿದ. ತವೆಯ ಮೇಲಿದ್ದ ರೊಟ್ಟಿ ಕಪ್ಪಾಗಿ ಹೊಗೆ ಎದ್ದು, ಸ್ಮೋಕ್ ಅಲಾರಂ ಕೂಗತೊಡಗಿದರೂ ನಾವಿಬ್ಬರೂ ಅಲುಗಲಿಲ್ಲ.

ಮರುದಿನ ಇಬ್ಬರೂ ಒಟ್ಟಿಗೆ ಗೈಡಿನ ಕೋಣೆಗೆ ಹೋದೆವು. ಅವರು ಬೆಚ್ಚಲಿಲ್ಲ, ನಾಚಲಿಲ್ಲ. ಟೀ ಮಾಡಿಕೊಟ್ಟು, ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿ, ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೊಟ್ಟರೆ ಉತ್ತರದ ಮೇಲೆ ನಂಬಿಕೆ ಬರುತ್ತದೆ ಎಂದು ವಿವರಿಸಿದರು. ಭಾರತದಿಂದ ಬಂದವರು ಇಷ್ಟು ಶಿಸ್ತಾಗಿ ಗುಟ್ಟು ಕಾಪಾಡುತ್ತೀರಿ ಎಂದುಕೊಂಡಿರಲಿಲ್ಲ ಎಂದು ಮೆಚ್ಚುಗೆಯನ್ನೂ ಸೂಚಿಸಿದರು. ಆಮೇಲೆ ಹವಾಮಾನ ವರದಿ ಓದುವ ದನಿಯಲ್ಲಿ ಹೇಳಿದರು: ಒಂದೇ ಉತ್ತರಕ್ಕೆ ಎರಡು ಡಾಕ್ಟರೇಟ್ ಇಲ್ಲ. ಮೊದಲು ಥೀಸಿಸ್ ಸಲ್ಲಿಸಿದವನದು ಸಂಶೋಧನೆ. ಎರಡನೆಯವನದು ಅದು ಸರಿಯಿದೆ ಎನ್ನುವ ದೃಢೀಕರಣ, ಅದಕ್ಕೆ ಹೆಚ್ಚೆಂದರೆ ಎಂಫಿಲ್. ನಾನು ಬಿಸ್ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಿದ್ದೆ. ಅದು ಪುಡಿಯಾಗಿ ಜೇಬು ಸೇರಿತ್ತು.

ದಾರಿ ಹುಡುಕಿದವನು ಮುಂಗೋಣೆಯವನೇ. ಉತ್ತರವನ್ನು ಎರಡು ಹೋಳು ಮಾಡೋಣ ಎಂದ. ಉಪ್ಪು ಅಂಟಿನೊಳಗೆ ಹೇಗೆ ದಾರಿ ಮಾಡಿಕೊಳ್ಳುತ್ತದೆ ಎನ್ನುವುದು ಅವನದು. ಬಿರುಕು ಯಾವಾಗ, ಹೇಗೆ ಬಿಡುತ್ತದೆ ಎನ್ನುವುದು ನನ್ನದು. ಒಬ್ಬರು ಇನ್ನೊಬ್ಬರ ಹೋಳು ಮುಟ್ಟಬಾರದು. ಇಬ್ಬರೂ ಡಾಕ್ಟರಾಗಬಹುದು. ಅಡುಗೆಮನೆಯಲ್ಲಿ ನಿಂತು ಕೈ ಕುಲುಕಿದೆವು. ಎರಡೂ ಹೋಳು ಒಂದಕ್ಕೊಂದು ಹೊಂದಬೇಕಲ್ಲ, ಅದಕ್ಕಾಗಿ ನನ್ನ ಹತ್ತಿರ ಇದ್ದದ್ದನ್ನೆಲ್ಲ ಅವನ ಮುಂದೆ ಹರವಿದೆ.

ಅದರಲ್ಲಿ ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ, ಗೈಡಿಗೂ ನಾನಿನ್ನೂ ಹೇಳಿರಲಿಲ್ಲ. ಹಿಂದಿನ ಕ್ರಿಸ್‌ಮಸ್ ರಜೆಯಲ್ಲಿ ನನ್ನ ಪೆಟ್ಟಿಗೆಯ ಪಂಪು ಕೆಟ್ಟು, ಪಟ್ಟಿಗಳೆಲ್ಲ ಒಣಗಿಹೋಗಿದ್ದವು. ಹಾಳಾದವೆಂದು ಬೈದುಕೊಂಡೇ ಎಳೆದು ನೋಡಿದರೆ, ನೀರಿನಲ್ಲೇ ಇದ್ದವುಗಳಿಗಿಂತ ಎಷ್ಟೋ ಬೇಗ ಮುರಿದವು. ಅಂಟು ಸೋಲುವುದು ಒದ್ದೆಯಾದಾಗ ಅಲ್ಲ, ಒದ್ದೆಯಾಗಿ ಒಣಗಿದಾಗ. ಅವನು ತನ್ನ ಪಟ್ಟಿಗಳನ್ನು ಒಂದು ದಿನವೂ ನೀರಿನಿಂದ ತೆಗೆದಿರಲಿಲ್ಲ. ನಾನು ಹೇಳಿದಾಗ ಅವನ ಮುಖದಲ್ಲಿ ಮೂಡಿದ್ದು ಸಂತೋಷವೇ ಇರಬೇಕು... ಇವತ್ತಿಗೂ ಖಾತ್ರಿಯಿಲ್ಲ. "ಇದು ನನಗ ಹೊಳೀಲೇ ಇಲ್ಲ ನೋಡು" ಎಂದ. ಬೆಂಗಳೂರು ಕನ್ನಡ ಬಿಟ್ಟುಹೋಗಿದ್ದನ್ನು ನಾನು ಆಗ ಗಮನಿಸಲಿಲ್ಲ.

ಆಮೇಲಿನ ತಿಂಗಳುಗಳು ಚೆನ್ನಾಗಿಯೇ ಇದ್ದವು, ಅದೇ ಬೇಸರ. ಮನೆಯಲ್ಲಿ ಬಾಯಿ ತುಂಬ ಕೆಲಸದ ಮಾತಾಡಬಹುದಿತ್ತು. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿ, ಗೈಡಿನ ದನಿ ಅಣಕಿಸಿ ನಗುತ್ತಿದ್ದೆವು. ಜೀವನದಲ್ಲಿ ನಾನು ಅಷ್ಟು ಸಲೀಸಾಗಿ ಇನ್ಯಾರ ಜೊತೆಯೂ ಇರಲಿಲ್ಲ. ಮದುವೆಯಾದವಳ ಜೊತೆಯೂ ಇಲ್ಲ ಎಂದರೆ ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ, ಅವಳಿಗೂ ಗೊತ್ತು.

ಒಂದು ಸಂಜೆ ಬಂದಾಗ ಮನೆ ತುಂಬ ಎಣ್ಣೆಗಾಯಿಯ ಘಮ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಹೆಚ್ಚಿದ ಈರುಳ್ಳಿ ಜೋಡಿಸಿಟ್ಟಿದ್ದ. ಏನು ವಿಶೇಷ ಎಂದೆ. ಸುಮ್ಮನೆ ಎಂದ. ನನ್ನ ತಟ್ಟೆ ಖಾಲಿಯಾಗಲು ಬಿಡದೆ ಬಡಿಸಿದ, ತಾನು ಮಾತ್ರ ನಿಂತೇ ಇದ್ದ. ಬೆಲ್ಟ್ ಸಡಿಲಿಸಿಕೊಂಡು ತಿಂದೆ. ಅವತ್ತು ಬೆಳಿಗ್ಗೆ ಅವನು ಥೀಸಿಸ್ ಸಲ್ಲಿಸಿ ಬಂದಿದ್ದ.

ನನಗದು ಗೊತ್ತಾದದ್ದು ಆ ವಾರದ ಕೊನೆಗೆ, ಗೈಡಿನ ಬಾಯಿಂದ. ನಿಮ್ಮ ಮನೆಯ ಜೊತೆಗಾರನದು ಮುಗಿಯಿತು, ಅದರಲ್ಲಿ ಒಣಗುವಿಕೆಯ ಅಧ್ಯಾಯ ಅದ್ಭುತ ಎಂದರು. ಅದು ನನ್ನದು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಇಬ್ಬರೂ ಒಪ್ಪಂದ ಮುರಿದು ಮಾತಾಡಿಕೊಂಡಿದ್ದೀರಿ ಎಂದಾಯಿತಲ್ಲ, ದೂರು ಕೊಟ್ಟರೆ ಇಬ್ಬರನ್ನೂ ಹೊರಗೆ ಹಾಕಬೇಕಾಗುತ್ತದೆ, ಯೋಚಿಸಿ ಎಂದರು. ನಾನು ದೂರು ಕೊಡಲಿಲ್ಲ. ಅದು ದೊಡ್ಡತನವಲ್ಲ. ಎಂಫಿಲ್ ಆದರೂ ಉಳಿಯಲಿ ಎನ್ನುವ ಲೆಕ್ಕಾಚಾರ.

ಮನೆಗೆ ಬಂದು ಮುಂಗೋಣೆಯ ಬಾಗಿಲು ಬಡಿದೆ. ಅವನು ಸುಳ್ಳು ಹೇಳಲಿಲ್ಲ.

"ನನ್ನ ವೀಸಾ ಮುಗಿಲಿಕ್ಕೆ ಬಂದಿತ್ತು. ಮಗು ಆಗೈತಿ. ನನ್ನ ಹೋಳಷ್ಟಕ್ಕ ಡಿಗ್ರಿ ಕೊಡೂದಿಲ್ಲ ಅಂದ್ರು" ಎಂದ. ಸ್ವಲ್ಪ ತಡೆದು, "ನೀ ಹುಷಾರ್ ಅದೀ. ಇನ್ನೊಂದು ಏನಾರ ಹುಡಕತಿ. ನನ್ನಿಂದ ಆಗೂದಿಲ್ಲ" ಎಂದ.

ಕದ್ದ ಮೇಲೆ ಹೊಗಳುವವನನ್ನು ನಾನು ಮೊದಲ ಸಲ ನೋಡಿದ್ದು. ಮೂರು ದಿನದ ಹಿಂದೆ ತಿಂದ ರೊಟ್ಟಿಯೂ ಈಗ ವಾಂತಿಯಾಗಬೇಕು ಅನಿಸುತ್ತಿದೆ ಎಂದೆ. ಅವನ ಹೆಂಡತಿ ಮಗುವಿನ ಬಗ್ಗೆಯೂ ಒಂದು ಮಾತು ಆಡಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾಟಿತು, ನಾಟಲಿ ಎಂದೇ ಆಡಿದ್ದು. ಅವನು ಮನೆ ಬಿಡುವವರೆಗಿನ ವಾರಗಳಲ್ಲಿ ಒಂದೇ ಒಲೆಯಲ್ಲಿ ಸರದಿಯ ಮೇಲೆ ಅಡುಗೆ ಮಾಡಿಕೊಂಡು ಮಾತಿಲ್ಲದೆ ಬದುಕಿದೆವು. ಹೋಗುವ ದಿನ ತನ್ನ ತವೆಯನ್ನು ನನಗೆಂದು ಬಿಟ್ಟುಹೋಗಿದ್ದ. ಅದನ್ನು ಆ ಮಧ್ಯಾಹ್ನವೇ ಕಸದ ತೊಟ್ಟಿಗೆ ಹಾಕಿದೆ.

ನನಗೆ ಎಂಫಿಲ್ ಕೊಟ್ಟರು. ಕೊವೆಂಟ್ರಿಯ ಒಂದು ಕಾರ್ಖಾನೆಯಲ್ಲಿ ತಗಡುಗಳ ಗುಣಮಟ್ಟ ನೋಡುವ ಕೆಲಸ ಸಿಕ್ಕಿತು, ಈಗಲೂ ಅದೇ. ಮದುವೆ, ಮಾರ್ಟ್‌ಗೇಜು, ಮಗಳು. ಅವನು ಡಾಕ್ಟರಾಗಿ ಲೀಡ್ಸ್‌ನಲ್ಲಿ ಕೆಲಸ ಹಿಡಿದು, ಅಲ್ಲೇ ಹೆಡಿಂಗ್ಲೀಯಲ್ಲಿ ಸಂಸಾರ ಹೂಡಿದ ಸುದ್ದಿ ಬಂತು. ಪ್ರತಿ ವರ್ಷ ಯುಗಾದಿಗೆ ಒಮ್ಮೆ, ಅವನ ಈದ್‌ಗೆ ಒಮ್ಮೆ ಫೋನ್ ಮಾಡುತ್ತಿದ್ದ. ಪರದೆಯ ಮೇಲೆ ಹೆಸರು ಮೂಡಿ, ಫೋನು ಮೇಜಿನ ಮೇಲೆ ಗುಂಯ್‌ಗುಟ್ಟುತ್ತಾ ಒಂದಿಷ್ಟು ಸರಿದು, ನಿಲ್ಲುತ್ತಿತ್ತು. ನಾನು ಎತ್ತುತ್ತಿರಲಿಲ್ಲ. ಎತ್ತಬೇಕಿತ್ತು ಎಂದು ಈಗಲೂ ಅನಿಸುವುದಿಲ್ಲ.

ಹೋದ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಡೆಲಿವರಿಯವನಿರಬೇಕೆಂದು ಎತ್ತಿದೆ. ಹೆಂಗಸಿನ ದನಿ, ವಿಜಯಪುರದ ಕನ್ನಡ. ತಾನು ಅವನ ಹೆಂಡತಿ ಎಂದಳು. ಅವನು ಎರಡು ತಿಂಗಳ ಹಿಂದೆ ಬಸ್‌ಸ್ಟಾಪಿನಲ್ಲಿ ನಿಂತವನು ಹಾಗೇ ಕುಸಿದು ತೀರಿಕೊಂಡ, ಹೃದಯ, ಆ್ಯಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು ಎಂದಳು. ಅವನ ನಂಬರಿನಿಂದ ಆಗಲೇ ನನಗೆ ಮಾಡಿದ್ದಳಂತೆ. ಹೌದು, ಪರದೆಯ ಮೇಲೆ ಅವನ ಹೆಸರು ಮೂಡಿತ್ತು. ನಾನು ಎತ್ತಿರಲಿಲ್ಲ.

"ಒಂದು ಮಾತ ಕೇಳೂದಿತ್ರಿ. ಖರೇ ಹೇಳ್ರಿ" ಎಂದಳು. "ನಮ್ಮ ಸಲುವಾಗಿ ನೀವು ನಿಮ್ಮ ಪಿಎಚ್‌ಡಿ ಬಿಟ್ಟುಕೊಟ್ರಿ ಅಂತ ಅವರು ಹೇಳತಿದ್ರು. ಮನ್ಯಾಗ ಎಲ್ಲಾರಿಗೂ ಹಂಗ ಹೇಳ್ಯಾರ. ಮಕ್ಕಳು ನಮಾಜ್‌ನಾಗ ನಿಮ್ಮ ಸಲುವಾಗಿ ದುವಾ ಕೇಳ್ತಾವ. ಖರೇ ಏನು?"

ನನಗೆ ಮೈಯೆಲ್ಲ ಉರಿಯಿತು. ಕದ್ದದ್ದು ಸಾಲದೆಂದು ಅದನ್ನು ದಾನ ಮಾಡಿಬಿಟ್ಟಿದ್ದ. ನನ್ನನ್ನು ಪುಣ್ಯಾತ್ಮನನ್ನಾಗಿ ಮಾಡಿ, ಅದರ ಮರೆಯಲ್ಲಿ ತಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದ. ನನ್ನ ಸಿಟ್ಟೊಂದೇ ನನಗೆ ಉಳಿದ ಆಸ್ತಿ, ಅದನ್ನೂ ಅವನ ಮನೆಯವರು ನನ್ನಿಂದ ಕೇಳುತ್ತಿದ್ದರು.

"ಇಲ್ಲ. ನಾನು ಕೊಡ್ಲಿಲ್ಲ. ಅವನು ತಗೊಂಡ" ಎಂದೆ.

ಆ ಕಡೆ ಮಕ್ಕಳು ಇಂಗ್ಲಿಷಿನಲ್ಲಿ ಯಾವುದಕ್ಕೋ ಜಗಳವಾಡುತ್ತಿದ್ದವು. ಅವಳು ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ಗೊತ್ತಿತ್ರಿ ನನಗ" ಎಂದಳು. "ಕೊಟ್ಟವರು ಫೋನ್ ಎತ್ತತಿದ್ರು."

ಇಟ್ಟುಬಿಟ್ಟಳು. ಸತ್ತವನ ಹೆಂಡತಿಗೆ ಹಾಗೆ ಹೇಳಬಾರದಿತ್ತು ಎಂದು ನನ್ನವಳು ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವನಂಥ ಕಳ್ಳ ನನಗೆ ಮತ್ತೆ ಸಿಗಲಿಲ್ಲ. ಅವನಂಥ ಗೆಳೆಯನೂ ಸಿಗಲಿಲ್ಲ, ಈ ವಯಸ್ಸಿನಲ್ಲಿ ಇನ್ನು ಸಿಗುವುದೂ ಇಲ್ಲ. ಈ ಮಾತನ್ನು ಇಲ್ಲಿ ಬರೆಯುವವರೆಗೆ ಯಾರ ಎದುರೂ ಬಾಯಿಬಿಟ್ಟು ಆಡಿರಲಿಲ್ಲ...

ಈ ಯುಗಾದಿಗೆ ಫೋನ್ ಬರಲಿಲ್ಲ. ಬಂದಿದ್ದರೂ ನಾನು ಎತ್ತುತ್ತಿರಲಿಲ್ಲ. ಆದರೂ ಸಂಜೆಯವರೆಗೆ ಫೋನನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡು ಕೂತಿದ್ದೆ.