ಉಪವಾಸದ ಇಲಿಗಳ ಕಾಕಾ

ಪಕ್ಕದ ಮನೆಗೆ ಹೊಸದಾಗಿ ಬಂದ ಗುಜರಾತಿ ಸೊಸೆ ಮೊನ್ನೆ ಒಂದು ತಟ್ಟೆ ಸುಖಡಿ ತಂದುಕೊಟ್ಟಳು. ತುಪ್ಪದಲ್ಲಿ ಹುರಿದ ಗೋಧಿಹಿಟ್ಟಿಗೆ ಬೆಲ್ಲ ಬೆರೆಸಿ ಮಾಡುವ ಸಿಹಿ ಅದು. ಮುಚ್ಚಿದ ಬಟ್ಟೆ ಸರಿಸಿದೊಡನೆ ಎದ್ದ ಬೆಚ್ಚನೆಯ ವಾಸನೆಗೆ ನನಗೆ ಇಲಿಗಳು ನೆನಪಾದವು. ಇಲಿಗಳ ಬೆನ್ನಿಗೇ ಕಾಕಾ...

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಬ್ಯಾಂಕಿನಿಂದ ಬರೋಡಾಕ್ಕೆ ವರ್ಗವಾಗಿ ನಾವು ಧಾರವಾಡ ಬಿಟ್ಟು ಬಂದಿದ್ದೆವು. ನಾನು ಅಲ್ಲಿನ ಕಾಲೇಜೊಂದರಲ್ಲಿ ಪಿಎಚ್.ಡಿ.ಗೆ ಸೇರಿದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಮೇದೋಜ್ಜೀರಕದೊಳಗೆ ರಕ್ತದ ಹರಿವು ಹೇಗೆ ಬದಲಾಗುತ್ತದೆ ಎಂಬುದು ನನ್ನ ವಿಷಯ. ಆ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಚಿಕ್ಕ ಚಿಕ್ಕ ನಡುಗಡ್ಡೆಗಳ ಹಾಗೆ ಗುಂಪುಗೂಡಿರುತ್ತವೆ. ಇಲಿಯ ರಕ್ತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ಬಿಟ್ಟು, ಆಮೇಲೆ ಅದನ್ನು ಕೊಂದು ನಡುಗಡ್ಡೆಗಳಲ್ಲಿ ಎಷ್ಟು ಸಿಕ್ಕಿಕೊಂಡಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಅರ್ಧ ಇಲಿಗಳಿಗೆ ಸಕ್ಕರೆ ನೀರು, ಉಳಿದವಕ್ಕೆ ಹಿಂದಿನ ಸಂಜೆಯಿಂದ ಉಪವಾಸ.

ಕಾಕಾ ಲ್ಯಾಬಿನ ಅಟೆಂಡರ್. ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ತೆರೆದು ಪಂಜರ ತೊಳೆಯುವವರು. ನನ್ನನ್ನು ಬೇನ್, ಅಂದರೆ ತಂಗಿ, ಎಂದು ಕರೆದು ಗುಜರಾತಿ ಕಲಿಸಿದವರೂ ಅವರೇ. ನಿಮ್ಮ ದಾಲಿಗೂ ಬೆಲ್ಲವೇ ಎಂದು ನಾನು ಮೂಗು ಮುರಿದರೆ, ಅದನ್ನು ತಿನ್ನದಿರುವುದಕ್ಕೇ ನಿನಗೆ ಇಷ್ಟು ಸಿಟ್ಟು ಎಂದು ಛೇಡಿಸುತ್ತಿದ್ದರು.

ನನ್ನ ಪ್ರಯೋಗ ಮಾತ್ರ ಹಳ್ಳ ಹಿಡಿದಿತ್ತು. ಸಕ್ಕರೆ ಕುಡಿದ ಇಲಿಯ ನಡುಗಡ್ಡೆಗಳಲ್ಲಿ ಎಷ್ಟು ಮಣಿಗಳೋ, ಉಪವಾಸವಿದ್ದ ಇಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅವುಗಳ ರಕ್ತದಲ್ಲೂ ಸಕ್ಕರೆ ಏರಿತ್ತು! ರಾಸಾಯನಿಕ ಬದಲಾಯಿಸಿದೆ, ಎಣಿಕೆ ಮತ್ತೆ ಮಾಡಿದೆ, ಬಚ್ಚಲುಮನೆಯಲ್ಲಿ ನಿಂತು ಅತ್ತೆ. ದೀಪಾವಳಿಯೊಳಗೆ ಸರಿಹೋಗದಿದ್ದರೆ ವಿಷಯವನ್ನೇ ಕೈಬಿಡು ಎಂದರು ನನ್ನ ಗೈಡ್. ವರ್ಷದ ದುಡಿಮೆ ಮಣ್ಣುಪಾಲಾಗುವುದರಲ್ಲಿತ್ತು.

ಒಂದು ಬೆಳಿಗ್ಗೆ ಏಳೂವರೆಗೇ ಹೋದೆ. ಕಾಕಾ ಉಪವಾಸದ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು, ಮನೆಯಿಂದ ತಂದ ಸುಖಡಿಯನ್ನು ಚೂರು ಮಾಡಿ ಒಂದೊಂದಕ್ಕೂ ತಿನ್ನಿಸುತ್ತಿದ್ದರು. ನಾನು ಕನ್ನಡದಲ್ಲೇ ಬೈದೆ, ಬಾಯಿಗೆ ಬಂದಂತೆ.

ಅವರು ಎದ್ದು ನಿಂತರು. “ಬೇನ್, ಹತ್ತು ಗಂಟೆಗೆ ಸಾಯೋ ಜೀವ. ಹಸಿದ ಹೊಟ್ಟೇಲಿ ಹೇಗೆ ಕಳಿಸಲಿ?”

ಗೈಡ್‌ಗೆ ಹೇಳಿದರೆ ಅವರ ಕೆಲಸ ಹೋಗುತ್ತದೆ, ಹೇಳದಿದ್ದರೆ ನನ್ನದು. ಕೊನೆಗೆ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ನೋಡಿ, ನಿಮ್ಮ ಸುಖಡಿ ಹೊಟ್ಟೆಗೆ ಬಿದ್ದೊಡನೆ ರಕ್ತ ಇಲ್ಲಿಗೆ ಓಡಿಬಂದಿದೆ ಎಂದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ಸರಿ, ಇನ್ನು ಕೊಡಲ್ಲ,” ಎಂದರು. “ಆದರೆ ಅವು ತಿನ್ನದ ದಿನ ನಾನೂ ತಿನ್ನಲ್ಲ.”

ತಮಾಷೆ ಎಂದುಕೊಂಡೆ. ಆದರೆ ಮುಂದಿನ ಎರಡು ವರ್ಷ, ಪ್ರಯೋಗದ ಹಿಂದಿನ ಸಂಜೆಯಿಂದ ಕೊನೆಯ ಇಲಿ ಕಣ್ಣು ಮುಚ್ಚುವವರೆಗೆ ಆ ಮನುಷ್ಯ ಬರೀ ನೀರು ಕುಡಿದುಕೊಂಡಿದ್ದರು. ಆ ದಿನಗಳಲ್ಲಿ ನಾನೂ ಡಬ್ಬಿ ತೆರೆಯಲು ನಾಚಿಕೊಳ್ಳುತ್ತಿದ್ದೆ. ಲೆಕ್ಕಗಳು ಸರಿಬಂದವು. ಸಕ್ಕರೆ ಏರಿದರೆ ನಡುಗಡ್ಡೆಗಳಿಗೆ ಹರಿವು ಹೆಚ್ಚುತ್ತದೆ, ಉಪವಾಸದಲ್ಲಿ ಇಳಿಯುತ್ತದೆ ಎಂದು ಧೈರ್ಯವಾಗಿ ಬರೆದೆ.

ಪ್ರಬಂಧ ಬೈಂಡ್ ಆಗಿ ಬಂದ ದಿನ ಕಾಕಾ ಕೈ ತೊಳೆದುಕೊಂಡು ಬಂದು ಅದನ್ನು ಮುಟ್ಟಿದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್ ಬರೆಯುತ್ತಾರಂತಲ್ಲ, ನನ್ನದೆಲ್ಲಿದೆ ಎಂದು ಕೇಳಿದರು. ಗೈಡ್, ಅಪ್ಪ, ಅಮ್ಮ, ಟೈಪ್ ಮಾಡಿಕೊಟ್ಟವರು, ಎಲ್ಲರ ಹೆಸರೂ ಆ ಪುಟದಲ್ಲಿತ್ತು... ನಾನು ಟೈಪಿಸ್ಟನ ಹೆಸರಿನ ಮೇಲೆ ಬೆರಳಿಟ್ಟು, ಇಲ್ಲಿ ಎಂದೆ. ಅವರು ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕೆಲವು ವರ್ಷಗಳ ನಂತರ ಸಹಪಾಠಿಯೊಬ್ಬಳ ಕಾಗದದ ಕೊನೆಯಲ್ಲಿ, ಲ್ಯಾಬಿನ ಕಾಕಾ ತೀರಿಹೋದರು ಎಂಬ ಒಂದು ಸಾಲಿತ್ತು. ಅವಳಿಗೂ ಅಷ್ಟೇ ಗೊತ್ತಿದ್ದದ್ದು. ಇಂದು ಇದನ್ನು ಬರೆಯಲು ಕೂತಾಗ, ಇಲ್ಲಿಯಾದರೂ ಅವರ ಹೆಸರು ಹಾಕೋಣವೆನಿಸಿತು. ಮೂರು ವರ್ಷ ದಿನಕ್ಕೆ ಇಪ್ಪತ್ತು ಸಲ ಕಾಕಾ ಎಂದು ಕರೆದಿದ್ದೆ. ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ.