ಉತ್ತರದ ಕಿಟಕಿಯ ಕೂಲರ್

ದತ್ತಾತ್ರೇಯನಿಗೆ ಹಾವಿನ ಭಯವಿರಲಿಲ್ಲ, ಆಫೀಸಿನ ಸಾಹೇಬರ ಭಯವಂತೂ ಮೊದಲೇ ಇರಲಿಲ್ಲ. ಆದರೆ ಹಗಲು ಹೊತ್ತು ಮಲಗು ಎಂದರೆ ಸಾಕು, ಐವತ್ತು ದಾಟಿದ ಈ ಗಂಡಸಿನ ಎದೆ ಧಸಕ್ಕೆನ್ನುತ್ತಿತ್ತು. ನಗಬೇಡಿ. ಕಾರಣ ಕೇಳಿದ ಮೇಲೆ ಬೇಕಾದರೆ ನಗಿರಿ.

ನಾರಾಯಣಗೂಡದ ಇದೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಗಲೇ ಅವನ ತಂದೆ ಶ್ರೀನಿವಾಸರಾಯರು ಸರಕಾರಿ ನೌಕರಿಯಿಂದ ನಿವೃತ್ತರಾದದ್ದು. ಹಾರ ಹಾಕಿಸಿಕೊಂಡು ಬಂದ ಮರುದಿನ, ಉರಿಬಿಸಿಲಿನ ಮಧ್ಯಾಹ್ನ, "ಇವತ್ತರೆ ಸ್ವಲ್ಪ ಅಡ್ಡಾಗ್ತೀನಿ" ಎಂದರು. ಹಗಲಿನಲ್ಲಿ ಎಂದೂ ಬೆನ್ನು ನೆಲಕ್ಕೆ ಹಚ್ಚಿದ ಮನುಷ್ಯರಲ್ಲ. ಕೂಲರ್ ಇದ್ದದ್ದು ಉತ್ತರದ ಕಿಟಕಿಯಲ್ಲಿ. ಮುಖಕ್ಕೆ ತಂಪು ಗಾಳಿ ಬಡಿಯಲೆಂದು ಅತ್ತಲೇ ತಲೆ ಹಾಕಿದರು. ಉತ್ತರಕ್ಕೆ ತಲೆ ಹಾಕಬಾರದೆಂದು ಮನೆಮಂದಿಗೆಲ್ಲ ಗದರುತ್ತಿದ್ದವರು ಅವರೇ! ದತ್ತಾತ್ರೇಯ ಚಹಾ ಹಿಡಿದು ಎಬ್ಬಿಸಲು ಹೋದ. "ಅಪ್ಪಾ" ಎಂದ, ಮತ್ತೊಮ್ಮೆ ಎಂದ. ಕಾಲು ಮುಟ್ಟಿದಾಗ ತಣ್ಣಗಿತ್ತು. ಮೊಳೆಗೆ ತೂಗುಹಾಕಿದ್ದ ಹಾರದ ಹೂ ಇನ್ನೂ ಪೂರ್ತಿ ಬಾಡಿರಲಿಲ್ಲ.

ಅಂದಿನಿಂದ ದತ್ತಾತ್ರೇಯ ಕೂತಲ್ಲಿ ಕೂಡಲಿಲ್ಲ. ಹಗಲೆಲ್ಲ ಆಫೀಸು, ಸಂಜೆ ಮನೆಯಲ್ಲಿ ಟೈಪಿಂಗು. ತಾರ್ನಾಕದ ಕಡೆಯ ಯೂನಿವರ್ಸಿಟಿ ಹುಡುಗರ ಪ್ರಬಂಧಗಳನ್ನು ರವಿವಾರವೂ ಟಕಟಕ ಕುಟ್ಟುತ್ತಿದ್ದ. ಅದೂ ಇಲ್ಲದಿದ್ದರೆ ಸೋರದ ನಲ್ಲಿ ಬಿಚ್ಚಿ ಸೋರುವಂತೆ ಮಾಡಿ, ಮತ್ತೆ ರಿಪೇರಿಗೆ ಕೂಡುತ್ತಿದ್ದ. ಓಣಿಯವರು "ಏನು ದುಡೀತಾನಪ್ಪಾ ಮನುಷ್ಯಾ" ಎಂದು ಹೊಗಳುತ್ತಿದ್ದರು. ಅವರಿಗೇನು ಗೊತ್ತು! ಅದು ದುಡಿಮೆಯಲ್ಲ, ಅಂಜಿಕೆ. ಸುಮ್ಮನೆ ಕೂತರೆ ಅಪ್ಪನನ್ನು ಒಯ್ದದ್ದು ತನ್ನನ್ನೂ ಹುಡುಕಿಕೊಂಡು ಬರುತ್ತದೆ ಎಂದು ಅವನ ಒಳಜೀವ ನಂಬಿಬಿಟ್ಟಿತ್ತು.

ಕೊನೆಗೆ ಬಸ್ಸಿನಲ್ಲಿ ಒಂದು ದಿನ ಎದೆ ಹಿಡಿದುಕೊಂಡಿತು. ಡಾಕ್ಟರು ತೆಲುಗಿನಲ್ಲಿ ಚೆನ್ನಾಗಿ ಬೈದರು. ಒಂದು ತಿಂಗಳು ರಜೆ ಹಾಕಬೇಕು, ಟೈಪ್‌ರೈಟರ್ ಮುಟ್ಟಕೂಡದು, ದಿನಾ ಊಟದ ಮೇಲೆ ಮಲಗಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ನನ್ನ ಹತ್ತಿರ ಬರುವಷ್ಟು ವೇಳೆಯೂ ಸಿಗಲಿಕ್ಕಿಲ್ಲ ಎಂದರು. ಮಲಗಿದರೆ ಸಾವು, ಮಲಗದಿದ್ದರೂ ಸಾವು. ಬಡಪಾಯಿ ಎತ್ತ ಹೋಗಬೇಕು?

ಹೆಂಡತಿ ಪ್ರಫುಲ್ಲಾ ಟೈಪ್‌ರೈಟರಿಗೆ ಹಳೆಯ ಸೀರೆ ಸುತ್ತಿ ಅಟ್ಟಕ್ಕೇರಿಸಿದಳು. ದಿನಾ ಊಟವಾದ ಮೇಲೆ ದತ್ತಾತ್ರೇಯ ದಕ್ಷಿಣಕ್ಕೆ ತಲೆ ಹಾಕಿ, ಕೂಲರಿಗೆ ಕಾಲು ಕೊಟ್ಟು, ಕಣ್ಣು ಮುಚ್ಚುತ್ತಿದ್ದ. ನಿದ್ದೆಯೆಲ್ಲಿ ಬರಬೇಕು? ಕಣ್ಣ ರೆಪ್ಪೆ ಜಡವಾದರೆ ಸಾಕು, ಗಾಬರಿಯಾಗಿ ತೊಡೆ ಚಿವುಟಿಕೊಳ್ಳುತ್ತಿದ್ದ. ಚಹಾದ ಹೊತ್ತಿಗೆ ಎದ್ದು, "ಛಲೋ ನಿದ್ದಿ ಬಂತು ನೋಡು" ಎಂದು ಸುಳ್ಳು ಹೇಳುತ್ತಿದ್ದ.

ಒಂದು ಮಧ್ಯಾಹ್ನ ಹೀಗೇ ಚಿವುಟಿಕೊಂಡು ಕಣ್ಣು ಬಿಟ್ಟ. ಬಾಗಿಲ ಚೌಕಟ್ಟು ಹಿಡಿದು ಪ್ರಫುಲ್ಲಾ ನಿಂತಿದ್ದಳು. ಅವಳ ಕಣ್ಣು ಅವನ ಬನಿಯನ್ನಿನ ಮೇಲೆ ನಟ್ಟಿತ್ತು.

"ಏನು ನೋಡ್ಲಿಕ್ಕತ್ತೀ?"

ಅವಳು ಬೆಚ್ಚಿದಳು. "ನಿಮ್ಮ ಎದಿ ಏಳ್ತದೋ ಇಲ್ಲೋ ಅಂತ."

"ದಿನಾ ನಿಂತಿರ್ತೀಯೇನು?"

"ಮತ್ತ? ಕೂತರ ನಿದ್ದಿ ಬರ್ತದರೀ."

ದತ್ತಾತ್ರೇಯ ಎದ್ದು ಕೂತ. ನಸುಕಿನಲ್ಲಿ ನಲ್ಲಿಯ ನೀರು ಬರುವ ಮೊದಲೇ ಏಳುವವಳು ಇವಳು. ಮಡಿಯ ಅಡಿಗೆ, ಮಕ್ಕಳ ಡಬ್ಬಿ, ಒಗೆತ, ಮುಸುರೆ. ಡಾಕ್ಟರು ತನಗೆ ವಿಶ್ರಾಂತಿ ಬರೆದುಕೊಟ್ಟಿದ್ದರು. ಅದನ್ನು ತಾನು ಸುಳ್ಳುಸುಳ್ಳೇ ಮಾಡುತ್ತಿದ್ದರೆ, ಅದರ ಪಹರೆಗೆ ಇವಳು ನಿಜವಾಗಿ ನಿಂತಿದ್ದಳು. ನಾಚಿಕೆಯಾಯಿತು ಅವನಿಗೆ.

"ಚಾಪಿ ಹಾಸ್ಕೊಂಡು ಮಲ್ಕೋ ನೀನು."

"ತೊಗರಿಬ್ಯಾಳಿ ಆರಿಸೋದು ಅದ" ಎಂದು ಅವಳು ಮೊರ ತಂದು ಕೂಲರಿನ ಮುಂದೆ ಚಾಪೆಯ ಮೇಲೆ ಕೂತಳು. ನಾಲ್ಕು ಹಿಡಿ ಬೇಳೆ ಆರಿಸುವುದರೊಳಗೆ ಕೈ ನಿಂತಿತು, ಕುತ್ತಿಗೆ ವಾಲಿತು, ಮೊರವನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಒರಗಿದಳು. ದತ್ತಾತ್ರೇಯನಿಗೆ ಸಮಾಧಾನವಾಯಿತು. ಆಮೇಲೆ ನೋಡಿದ. ತಲೆ ಉತ್ತರಕ್ಕಿತ್ತು.

ಅಯ್ಯೋ ದೇವರೇ! ಅದೇ ಜಾಗ, ಅದೇ ಗಾಳಿ. ಎಬ್ಬಿಸಲೇ? ಎಬ್ಬಿಸಿದರೆ ಇವಳು ಮತ್ತೆ ಮಲಗುವುದಿಲ್ಲ, ಹೋಗಿ ಬಾಗಿಲಲ್ಲಿ ನಿಲ್ಲುತ್ತಾಳೆ. ಎಬ್ಬಿಸದಿದ್ದರೆ? ಕೂಲರಿನ ಗದ್ದಲದಲ್ಲಿ ಅವಳ ಉಸಿರು ಕೇಳಿಸಲಿಲ್ಲ. ಮಂಡಿಯೂರಿ ಮೂಗಿನ ಹತ್ತಿರ ಬೆರಳು ಹಿಡಿದ. ತಂಪು ಗಾಳಿಯಲ್ಲಿ ಏನೂ ತಿಳಿಯಲಿಲ್ಲ. ಹೇಗಾದರೂ ದಿಕ್ಕು ತಿರುಗಿಸೋಣವೆಂದು ಚಾಪೆಯ ಅಂಚು ಹಿಡಿದು ಮೆಲ್ಲಗೆ ಎಳೆದ.

"ನೀರು ಬಂತೇನ್ರಿ?" ಎಂದಳು ಪ್ರಫುಲ್ಲಾ ನಿದ್ದೆಯಲ್ಲೇ, ಏಳಲು ಕೈ ಊರುತ್ತಾ.

"ಇಲ್ಲ, ಇಲ್ಲ. ಬಂದಿಲ್ಲ. ಮಲ್ಕೋ."

ಅವಳು ಮತ್ತೆ ಒರಗಿದಳು. ದತ್ತಾತ್ರೇಯ ಚಾಪೆ ಬಿಟ್ಟ. ನಿದ್ದೆಯಲ್ಲೂ ನಲ್ಲಿಗೆ ಓಡುವ ಇವಳನ್ನು ಎಬ್ಬಿಸುವ ಮನಸ್ಸು ಅವನಿಗಾಗಲಿಲ್ಲ. ಅಪ್ಪನ ಬಗ್ಗೆಯೂ ಆಗ ಒಂದು ಮಾತು ಹೊಳೆಯಿತು. ಅವರನ್ನು ಒಯ್ದದ್ದು ಆ ಒಂದು ಮಧ್ಯಾಹ್ನವೋ, ಅಥವಾ ಬೆನ್ನು ನೆಲಕ್ಕೆ ಹಚ್ಚದ ಅಷ್ಟೂ ಮಧ್ಯಾಹ್ನಗಳೋ? ಯಾರು ಹೇಳಬೇಕು! ಹಾಗಂತ ಅಂಜಿಕೆ ಹೋಯಿತೆಂದಲ್ಲ. ಅಂಜುತ್ತಲೇ ಅವನು ಮಂಚದ ದಿಂಬು ತಂದು ಅವಳ ಪಕ್ಕದಲ್ಲಿ ಹಾಕಿ, ಉತ್ತರಕ್ಕೇ ತಲೆ ಕೊಟ್ಟು ಮಲಗಿದ. ಬರುವುದಿದ್ದರೆ ಇಬ್ಬರಿಗೂ ಬರಲಿ, ಇವಳೊಬ್ಬಳನ್ನು ಅಲ್ಲಿ ಬಿಡುವುದಿಲ್ಲ ಎಂದುಕೊಂಡ. ಹತ್ತಿರ ಹೋದ ಮೇಲೆ ಅವಳ ಉಸಿರು ಕೇಳಿಸಿತು. ಅದನ್ನು ಕೇಳುತ್ತಾ, ಈ ಸಲ ತೊಡೆ ಚಿವುಟಿಕೊಳ್ಳಲಿಲ್ಲ.

ಕರೆಂಟು ಹೋಗಿ ಕೂಲರ್ ನಿಂತಾಗ ಎದೆಯ ಮೇಲೆ ಏನೋ ಭಾರವಾಗಿ ಅವನಿಗೆ ಎಚ್ಚರವಾಯಿತು. ಪ್ರಫುಲ್ಲಾಳ ಅಂಗೈ. ಎದ್ದು ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು.

"ಉತ್ತರಕ್ಕ ತಲಿ ಹಾಕೀರಲ್ರೀ!" ಅವಳ ದನಿ ಒಡೆದಿತ್ತು. "ನನಗ ಜೀವಾನೇ ಹೋತು."

"ನೀನೂ ಹಂಗ ಮಲಗಿದ್ದಿ. ಎಬ್ಬಸಲಿಕ್ಕೆ ಮನಸ್ಸಾಗಲಿಲ್ಲ." ಅವನು ಕಣ್ಣು ಬಿಡಲಿಲ್ಲ. "ಎದಿ ಏಳ್ತದೇನು?"

"ಏಳ್ತದ."

"ಹಂಗಾದ್ರ ಕೈ ಅಲ್ಲೇ ಇರ್ಲಿ. ನಿಂತು ನೋಡೋದು ಬ್ಯಾಡ. ಮಲ್ಕೊಂಡೇ ನೋಡು."